ಗಟ್ಟಿಮೇಳದಿಂದ ಹಿಂದಕ್ಕೆ: ಫೋನಿನಲ್ಲೇ ಮದುವೆ ವಿಡಿಯೊಗೆ ಸಂಗೀತ ಕೂರಿಸಿದ ನನ್ನ ಅನುಭವ

ತಿಪಟೂರು, ಅರಸೀಕೆರೆ ಸುತ್ತಿನ ಛತ್ರಗಳಲ್ಲಿ ಮದುವೆ ಚಿತ್ರೀಕರಿಸುವ ನಮ್ಮಂಥವರ ದುಡಿಮೆಯ ದೊಡ್ಡ ಪಾಲು ಎಡಿಟಿಂಗ್‌ಗೇ ಹೋಗುತ್ತದೆ. ನಾಲ್ಕು ನಿಮಿಷದ ಒಂದು ಹೈಲೈಟ್ಸ್‌ಗೆ ಬೆಂಗಳೂರಿನ ಎಡಿಟರ್‌ಗೆ ಸುಮಾರು 3,000 ರೂಪಾಯಿ ಕೊಟ್ಟು, ಎರಡು ಮೂರು ವಾರ ಕಾದು, ಕೊನೆಗೆ ಮಾಂಗಲ್ಯಧಾರಣೆಯ ಮೇಲೆ ಯಾವುದೋ ಹಾಡಿನ ಎರಡನೇ ಚರಣ ಬಿದ್ದಿರುವುದನ್ನು ಕಂಡು ಮನೆಯವರಿಗೆ ಸಮಾಧಾನ ಹೇಳುವುದು ನನಗೆ ಸಾಕಾಗಿತ್ತು. ಈ ಕೆಲಸವನ್ನು ಫೋನಿನಲ್ಲೇ ಮುಗಿಸುತ್ತೇನೆ ಎಂದಾಗ ಕಂಪ್ಯೂಟರ್ ಇಟ್ಟುಕೊಂಡ ಗೆಳೆಯರು ಒಪ್ಪಲಿಲ್ಲ. ರೀಲ್ಸ್‌ಗಾದರೆ ಸರಿ, ಮುಹೂರ್ತದ ಓಲಗವನ್ನು ಅಂಗೈಯಗಲದ ಪರದೆಯ ಮೇಲೆ ಫ್ರೇಮಿನ (ವಿಡಿಯೊದ ಒಂದೊಂದು ಬಿಡಿ ಸ್ಥಿರಚಿತ್ರದ) ಲೆಕ್ಕದಲ್ಲಿ ಕೂರಿಸಲು ಆಗದು ಎಂಬುದು ಅವರ ವಾದವಾಗಿತ್ತು. ಈಗ ಎರಡು ವರ್ಷದಿಂದ ನನ್ನ ಎಲ್ಲ ಹೈಲೈಟ್ಸ್ ಫೋನಿನಲ್ಲೇ ತಯಾರಾಗುತ್ತಿವೆ, ಗಟ್ಟಿಮೇಳದ ಮೊದಲ ಹೊಡೆತ ಮೊದಲ ಗಂಟಿನ ಮೇಲೆಯೇ ಬೀಳುತ್ತಿದೆ.

ಸಾಮಾನ್ಯವಾಗಿ ಹಾಡನ್ನು ಮೊದಲು ಆ್ಯಪಿನಲ್ಲಿ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನಿನಲ್ಲಿ ಹಾಕಿ, ಬೀಟ್ ಬಂದಲ್ಲೆಲ್ಲ ಚಿತ್ರವನ್ನು ಕತ್ತರಿಸುತ್ತಾ ಮುಂದೆ ಸಾಗುವುದು ವಾಡಿಕೆ. ಆ ಕ್ರಮದಲ್ಲಿ ಆರಂಭದ ಅರ್ಧ ನಿಮಿಷ ಬಹಳ ಚೆನ್ನಾಗಿ ಬರುತ್ತದೆ. ಮದುವೆಯ ಮುಖ್ಯ ಕ್ಷಣ ಮಾತ್ರ ಹಾಡು ಆ ಹೊತ್ತಿಗೆ ಎಲ್ಲಿರುತ್ತದೋ ಅಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಮೊದಲು ಇಡುವುದು ಮಾಂಗಲ್ಯಧಾರಣೆಯ ಕ್ಲಿಪ್ಪನ್ನು, ಅದರದೇ ಧ್ವನಿಯೊಂದಿಗೆ. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೈಯೆತ್ತಿದೊಡನೆ ಡೋಲು ಹೊಮ್ಮುವ ಫ್ರೇಮಿಗೆ ಒಂದು ಗುರುತು ಹಾಕಿ, ಹಿನ್ನೆಲೆ ಸಂಗೀತದ ಒಂದು ಆವರ್ತ (ತಾಳದ ಒಂದು ಸುತ್ತು) ಸರಿಯಾಗಿ ಅಲ್ಲಿಗೆ ಮುಗಿಯುವಂತೆ ಇಟ್ಟು, ಅಲ್ಲಿಂದ ಹಿಂದಕ್ಕೆ ಧಾರೆ, ಜೀರಿಗೆ ಬೆಲ್ಲ, ಅಂತರಪಟ, ವರಪೂಜೆ ಎಂದು ಕಟ್ಟುತ್ತಾ ಬರುತ್ತೇನೆ. ಸಂಗೀತದ ತಲೆ ಎಲ್ಲಿ ಬೇಕಾದರೂ ಬೀಳಲಿ, ಅದರಿಂದ ತೊಂದರೆಯಿಲ್ಲ, ಏಕೆಂದರೆ ಚಪ್ಪರ, ರಂಗೋಲಿ, ಹೂವಿನ ದೃಶ್ಯಗಳ ಕೆಳಗೆ ಬರೀ ಶ್ರುತಿಯನ್ನು ಹರಿಸಿದರೆ ಆರಂಭ ತಾನಾಗಿ ತುಂಬಿಕೊಳ್ಳುತ್ತದೆ.

ಲೆಕ್ಕದ ವಿಷಯದಲ್ಲಿ ನನಗೆ ಹೆಚ್ಚು ನಷ್ಟ ತಂದದ್ದು ಭಿನ್ನರಾಶಿ. ಸೆಕೆಂಡಿಗೆ 30 ಫ್ರೇಮಿನ ಟೈಮ್‌ಲೈನಿನಲ್ಲಿ ನಿಮಿಷಕ್ಕೆ 100 ಬೀಟ್ ಇರುವ ಹಾಡಿಗೆ ಒಂದು ಬೀಟ್ ಎಂದರೆ ಸರಿಯಾಗಿ 18 ಫ್ರೇಮ್, 120 ಇದ್ದರೆ 15 ಫ್ರೇಮ್. ಅದೇ 110 ಇದ್ದರೆ 16.36 ಬರುತ್ತದೆ, ಪ್ರತಿ ಚಿತ್ರವನ್ನೂ 16 ಫ್ರೇಮಿಗೆ ಕತ್ತರಿಸುತ್ತಾ ಹೋದರೆ ಹದಿನಾರು ಬೀಟ್ ಕಳೆಯುವಷ್ಟರಲ್ಲಿ ಚಿತ್ರ ಸುಮಾರು ಆರು ಫ್ರೇಮ್ ಮುಂದೆ ಓಡಿರುತ್ತದೆ, ಮತ್ತು ಎಲ್ಲಿ ತಪ್ಪಿತೆಂದು ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ. ಆದ್ದರಿಂದ ಎಂಟು ಬೀಟ್‌ಗೆ 131 ಫ್ರೇಮ್ ಎಂದು ದೊಡ್ಡ ಅಳತೆಯನ್ನು ಮೊದಲು ಹಿಡಿದು, ಒಳಗಿನ ಕಟ್‌ಗಳನ್ನು ಅದರೊಳಗೆ ಹಂಚಬೇಕು. ಹಾಡಿನ ವೇಗವನ್ನು ಶೇ 2ಕ್ಕಿಂತ ತುಸು ಹೆಚ್ಚಿಸಿ 112.5ಕ್ಕೆ ತಂದರೆ ಬೀಟ್ ಸರಿಯಾಗಿ 16 ಫ್ರೇಮ್ ಆಗುವುದೂ ನಿಜ. ಆದರೆ ಶ್ರುತಿಯನ್ನು ಹಾಗೆಯೇ ಉಳಿಸುವ ಆಯ್ಕೆ ಆ್ಯಪಿನಲ್ಲಿ ಇಲ್ಲದಿದ್ದರೆ ಅದೂ ಮೇಲಕ್ಕೆ ಹೋಗುತ್ತದೆ. ಹಾಡು ಒಂದೇ ಇದ್ದಾಗ ಅದು ಯಾರಿಗೂ ತಿಳಿಯದು, ಓಲಗದ ಪಕ್ಕದಲ್ಲಿ ಕೂತಾಗ ಕಿವಿಗೆ ಚುಚ್ಚುತ್ತದೆ.

ಬೀಟ್ ಗುರುತು ಹಾಕಲು ನಾನು ವಿಎನ್ ಎಂಬ ವಿಡಿಯೊ ಎಡಿಟಿಂಗ್ ಆ್ಯಪ್ ಬಳಸುತ್ತೇನೆ. ಯಾವುದೇ ಆ್ಯಪಿನ ಸ್ವಯಂಚಾಲಿತ ಬೀಟ್ ಪತ್ತೆ ಸಿನಿಮಾ ಹಾಡಿನ ಡ್ರಮ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಓಲಗಕ್ಕೆ ಮಾತ್ರ ಕೈಕೊಡುತ್ತದೆ. ಡೋಲಿನ ನಡೆ ದಟ್ಟವಾದಷ್ಟೂ ಅದು ಎಲ್ಲ ಹೊಡೆತಗಳಿಗೂ ಗುರುತು ಹಾಕುತ್ತದೆ, ನಾದಸ್ವರದ ಆಲಾಪನೆಯಲ್ಲಿ ಇಲ್ಲದ ಬೀಟನ್ನು ಹುಡುಕುತ್ತದೆ. ಹೀಗಾಗಿ ಓಲಗವನ್ನು ಕೇಳುತ್ತಾ ಬೆರಳಿನಿಂದಲೇ ಗುರುತು ಹಾಕುವುದು ಲೇಸು. ಇದಕ್ಕೆ ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ: ಅದರಲ್ಲಿ ಧ್ವನಿ 200 ಮಿಲಿಸೆಕೆಂಡಿನವರೆಗೂ ತಡವಾಗಿ ಕೇಳಬಹುದು, ಅಂದರೆ ಆರು ಫ್ರೇಮ್. ನಾನು ಎರಡೂವರೆ ಸಾವಿರದ ಬ್ಲೂಟೂತ್ ಇಯರ್‌ಫೋನನ್ನು ಪಕ್ಕಕ್ಕಿಟ್ಟು 500 ರೂಪಾಯಿಯ ವೈರ್ ಇರುವ ಇಯರ್‌ಫೋನ್ ಕೊಂಡ ದಿನದಿಂದ ಕೆಲಸ ಅರ್ಧಕ್ಕರ್ಧ ಹಗುರವಾಯಿತು. ಬೆರಳಿನ ಗುರುತುಗಳೂ ಪ್ರತಿ ಸಲ ಒಂದೇ ದಿಕ್ಕಿಗೆ ಸರಿದಿರುತ್ತವೆ. ನನ್ನ ಫೋನಿನಲ್ಲಿ ಅವು ಸುಮಾರು ಮೂರು ಫ್ರೇಮ್ ತಡವಾಗಿ ಬೀಳುತ್ತವೆ. ಧ್ವನಿಯ ಅಲೆಯ ಏರನ್ನು ನೋಡಿ ನಿಮ್ಮ ಫೋನಿನ ವ್ಯತ್ಯಾಸವನ್ನು ಒಮ್ಮೆ ಅಳೆದಿಟ್ಟುಕೊಂಡರೆ ಮತ್ತೆ ಅಳೆಯಬೇಕಾಗಿಲ್ಲ.

ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ಕಟ್ ಅನ್ನು ಬೀಟಿನ ಮೇಲೆಯೇ ಇಡದೆ ಒಂದೆರಡು ಫ್ರೇಮ್ ಮೊದಲು ಇಡುವುದು ನನ್ನ ಪದ್ಧತಿ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಮೊದಲು ಕಂಡು ಸದ್ದು ಆಮೇಲೆ ಕೇಳುವುದಕ್ಕೆ ನಮ್ಮ ಕಣ್ಣು ಕಿವಿಗಳು ಒಗ್ಗಿಹೋಗಿವೆ, ಆದ್ದರಿಂದ ಸದ್ದು ತುಸು ತಡವಾದರೆ ಸಹಿಸುತ್ತವೆ, ಮೊದಲೇ ಬಂದರೆ ಸಹಿಸುವುದಿಲ್ಲ. ಪ್ರಸಾರ ತಂತ್ರಜ್ಞರ ಅಂತರರಾಷ್ಟ್ರೀಯ ಮಾನದಂಡವೂ ಇದನ್ನೇ ಹೇಳುತ್ತದೆ: ಸದ್ದು 45 ಮಿಲಿಸೆಕೆಂಡ್ ಮುಂದಾದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ, ತಡವಾದರೆ 125ರವರೆಗೂ ಗೊತ್ತಾಗುವುದಿಲ್ಲ.

ಚಿತ್ರೀಕರಣದಲ್ಲೇ ಕೂಡುವ ತಡ ಬೇರೆ. ಛತ್ರದ ಹಿಂಬದಿಯಿಂದ ಜೂಮ್ ಮಾಡಿ ತೆಗೆದ ಕ್ಲಿಪ್ಪಿನಲ್ಲಿ, ಓಲಗದವರು 30 ಮೀಟರ್ ದೂರವಿದ್ದರೆ, ಸದ್ದು ಸುಮಾರು 90 ಮಿಲಿಸೆಕೆಂಡ್ ತಡವಾಗಿ ದಾಖಲಾಗಿರುತ್ತದೆ. ಆದ್ದರಿಂದ ಹಳೆಯ ಫೋನೊಂದನ್ನು ಓಲಗದವರ ಹತ್ತಿರ, ಡೋಲಿನಿಂದ ಎರಡು ಮೂರು ಮಾರು ದೂರದಲ್ಲಿ, ಟವೆಲ್ ಮೇಲೆ ಇಟ್ಟು ಬರೀ ಧ್ವನಿ ದಾಖಲಿಸುತ್ತೇನೆ. ಇನ್ನೂ ಹತ್ತಿರವಿಟ್ಟರೆ ಗಟ್ಟಿಮೇಳದ ಹೊತ್ತಿಗೆ ಧ್ವನಿ ಒಡೆದುಹೋಗುತ್ತದೆ. ಓಲಗದ ಹಿರಿಯರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯುತ್ತೇನೆ, ಕೆಲಸ ಮುಗಿದ ಮೇಲೆ ವೀಳ್ಯದೆಲೆಯ ಮೇಲೆ ಇನ್ನೂರೋ ಮುನ್ನೂರೋ ಇಟ್ಟು ಕೊಡುತ್ತೇನೆ. ನಾದ ಅವರದು, ಅದಕ್ಕೆ ಬೆಲೆ ಕೊಡಲೇಬೇಕು. ಈ ಧ್ವನಿಯನ್ನು ಹಿನ್ನೆಲೆ ಸಂಗೀತದೊಳಕ್ಕೆ ಇಳಿಸುವ ಬಗೆಯೊಂದನ್ನು ಬಹಳ ಕಷ್ಟಪಟ್ಟು ಕಂಡುಕೊಂಡಿದ್ದೇನೆ. ಅದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲ ವರ್ಷ ಒಂದಿಬ್ಬರಿಗೆ ನಾಲ್ಕೈದು ಸಾವಿರ ರಿಯಾಯಿತಿ ಕೊಡಬೇಕಾಗಿ ಬಂದದ್ದಕ್ಕೆ ಕಾರಣ ಬದಲಾಗುವ ಫ್ರೇಮ್ ದರ. ಬೆಳಕು ಕಡಿಮೆಯಾದಾಗ ಫೋನು 30 ಫ್ರೇಮಿನಿಂದ ತಾನಾಗಿ ಇಳಿದುಬಿಡುತ್ತದೆ, ಅಂಥ ಇಪ್ಪತ್ತು ನಿಮಿಷದ ಕ್ಲಿಪ್ಪಿನಲ್ಲಿ ಮಂತ್ರ ಒಂದು ಕಡೆ, ತುಟಿ ಒಂದು ಕಡೆ ಆಗುತ್ತದೆ. ಈಗ ಎಲ್ಲ ಕ್ಲಿಪ್ಪುಗಳನ್ನೂ ಮೊದಲು ಸ್ಥಿರವಾದ 30 ಫ್ರೇಮಿಗೆ, 48 ಕಿಲೋಹರ್ಟ್ಸ್ ಧ್ವನಿಗೆ ಪರಿವರ್ತಿಸಿದ ಮೇಲೆಯೇ ಕೈ ಹಾಕುತ್ತೇನೆ. ಗೆಳೆಯರ ಕ್ಯಾಮೆರಾದಿಂದ ಬರುವ 25 ಫ್ರೇಮಿನ ಕ್ಲಿಪ್ಪನ್ನು ಇದರಲ್ಲಿ ಬೆರೆಸಿದರೆ ಪ್ರತಿ ಐದು ಫ್ರೇಮುಗಳಲ್ಲಿ ಒಂದು ಫ್ರೇಮ್ ಎರಡು ಸಲ ಬರುತ್ತದೆ, ಮೆರವಣಿಗೆಯ ನಡಿಗೆಯಲ್ಲಿ ಅದು ಎದ್ದು ಕಾಣುತ್ತದೆ.

ನಡುವೆ ಮಿಶ್ರಛಾಪಿನ ಕೃತಿಯೊಂದನ್ನು ಪ್ರಯತ್ನಿಸಿದೆ. ನಾಲ್ಕರ ಲೆಕ್ಕಕ್ಕೆ ಪಳಗಿದ ಕೈ ಏಳು ಅಕ್ಷರದ, ಅಂದರೆ ಏಳು ಎಣಿಕೆಯ, ತಾಳದಲ್ಲಿ ಪ್ರತಿ ಕಟ್ ಅನ್ನೂ ತಪ್ಪಾಗಿಯೇ ಇಡುತ್ತದೆ. ಅಕ್ಷರಕ್ಕೆ ಆರು ಫ್ರೇಮ್ ಹಿಡಿದು ಒಂದು ಚಿತ್ರಕ್ಕೆ 18, ಮುಂದಿನದಕ್ಕೆ 24 ಎಂದು ಮೂರು ನಾಲ್ಕರಂತೆ ಬದಲಿಸಿದಾಗ ಹೆಣ್ಣುಮಕ್ಕಳು ಆರತಿ ಎತ್ತುವ ದೃಶ್ಯಗಳು ಅಷ್ಟು ಸೊಗಸಾಗಿ ಬಂದವು ಎಂದರೆ, ಈಗ ಅದು ನನ್ನ ಕೆಲಸದ ಗುರುತೇ ಆಗಿದೆ. ಕೋಲಾಟಕ್ಕೆ ಬೇರೆ ಹಾಡು ಹೊಂದಿಸುವ ಪ್ರಯೋಗ ಮಾತ್ರ ಫಲಿಸಲಿಲ್ಲ. ಕೋಲು ತಾಗುವುದು ಕಣ್ಣಿಗೆ ಕಾಣುವುದರಿಂದ ಅದರ ಸ್ವಂತ ಸದ್ದನ್ನೇ ಉಳಿಸಬೇಕು.

ಓಲಗವನ್ನೇ ನೆಚ್ಚಿಕೊಂಡದ್ದರಿಂದ ಇನ್ನೊಂದು ಲಾಭವಾಯಿತು. ಸಿನಿಮಾ ಹಾಡು ಹಾಕಿದ ವಿಡಿಯೊವನ್ನು ಮನೆಯವರು ಯೂಟ್ಯೂಬ್‌ಗೆ ಏರಿಸಿದರೆ ಹಕ್ಕುಸ್ವಾಮ್ಯದ ಸೂಚನೆ ಬರುತ್ತದೆ. ಪುರಂದರದಾಸರ ಪದಗಳಿಗೆ ಹಕ್ಕುಸ್ವಾಮ್ಯವಿಲ್ಲದಿದ್ದರೂ ಅವುಗಳ ಧ್ವನಿಮುದ್ರಣಕ್ಕೆ 1957ರ ಕಾಯ್ದೆಯಂತೆ ಪ್ರಕಟಣೆಯ ನಂತರ 60 ವರ್ಷ ಹಕ್ಕಿರುತ್ತದೆ. ಅದೇ ಮದುವೆಯಲ್ಲಿ ಒಪ್ಪಿಗೆ ಪಡೆದು ದಾಖಲಿಸಿದ ಓಲಗ ಹಾಕಿದ ಮೇಲೆ ಈ ವಿಷಯಕ್ಕೆ ನನಗೆ ಒಂದು ಕರೆಯೂ ಬಂದಿಲ್ಲ.

ಕಂಪ್ಯೂಟರಿಗೆ ಅಂಗಡಿಯವರು ಹೇಳಿದ್ದು 90,000ದ ಹತ್ತಿರ. ನನ್ನ ಫೋನು, ಇಯರ್‌ಫೋನ್, ಪೆನ್‌ಡ್ರೈವ್ ಎಲ್ಲ ಸೇರಿ 25,000 ದಾಟಿಲ್ಲ. ಮುಹೂರ್ತ ಮುಗಿದ ಮೂರನೆಯ ದಿನಕ್ಕೆ ಹೈಲೈಟ್ಸ್ ಕೊಡುತ್ತೇನೆ. ಆಗದು ಎಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಮುಹೂರ್ತದ ಕ್ಲಿಪ್ಪುಗಳನ್ನು ನನಗೇ ಕಳುಹಿಸುತ್ತಾರೆ, ಒಂದಕ್ಕೆ 2,000 ತೆಗೆದುಕೊಳ್ಳುತ್ತೇನೆ; ಓಲಗದ ಧ್ವನಿ ಬೇರೆಯಾಗಿ ದಾಖಲಿಸಿರದಿದ್ದರೆ ಕೆಲಸ ಒಪ್ಪಿಕೊಳ್ಳುವುದಿಲ್ಲ.