ಬುಟ್ಟಿಗೆ ಜಾಗವಿಲ್ಲ, ಹಸಿಕಸಕ್ಕೇನು ದಾರಿ?

ಅಡುಗೆಮನೆ ಎಂದರೆ ಒಂದು ಕಟ್ಟೆ, ಒಂದು ಸಿಂಕ್, ನಡುವೆ ಒಬ್ಬರು ನಿಲ್ಲುವಷ್ಟು ನೆಲ. ಇಂಥ ಮನೆಯವರಿಗೆ ‘ಹಸಿಕಸಕ್ಕೊಂದು, ಒಣಕಸಕ್ಕೊಂದು, ಗೊಬ್ಬರಕ್ಕೊಂದು ಬುಟ್ಟಿ ಇಡಿ’ ಎಂದು ಉಪದೇಶಿಸುವವರು ಬಹಳ. ಎಲ್ಲಿ ಇಡಬೇಕು ಎಂದು ಹೇಳುವವರು ಕಡಿಮೆ. ಕೊನೆಗೆ ಸಿಪ್ಪೆ, ಚಹಾ ಪುಡಿಯ ಚರಟ, ತಟ್ಟೆಯಲ್ಲಿ ಉಳಿದದ್ದು ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲ ಸೇರಿ ಬಾಗಿಲ ಹಿಡಿಕೆಗೆ ನೇತಾಡುತ್ತವೆ. ಸಂಜೆಗೆ ಚೀಲದ ತಳ ಒದ್ದೆ, ಮರುದಿನ ವಾಸನೆ, ಅದರ ಬೆನ್ನಿಗೇ ನೊಣ.

ದೊಡ್ಡ ಬುಟ್ಟಿ ಬೇಕಾಗುವುದು ಕಸವನ್ನು ಕೂಡಿಡುವವರಿಗೆ. ಜಾಗವಿಲ್ಲದವರು ಹಿಡಿತದಲ್ಲಿಡಬೇಕಾದದ್ದು ಎರಡನ್ನು: ಕಸದಲ್ಲಿರುವ ನೀರು ಮತ್ತು ಕಸ ಮನೆಯೊಳಗೆ ಕಳೆಯುವ ಸಮಯ. ಮುಂದಿನ ಎಲ್ಲ ಹಂತಗಳೂ ಈ ಎರಡರ ಸುತ್ತಲೇ ಇವೆ.

ಮೊದಲ ಹಂತ: ಎಷ್ಟಿದೆ ನೋಡಿ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನೆಗಳಲ್ಲಿ ವ್ಯರ್ಥವಾಗುವ ಆಹಾರ ತಲೆಗೆ ವರ್ಷಕ್ಕೆ ಸರಾಸರಿ 79 ಕಿಲೋ. ತಿನ್ನಲಾಗದ ಸಿಪ್ಪೆ, ಮೂಳೆಗಳೂ ಈ ಲೆಕ್ಕದಲ್ಲಿ ಸೇರಿವೆ. ದಿನಕ್ಕೆ ಹಂಚಿದರೆ ಒಬ್ಬರಿಗೆ ಇನ್ನೂರು ಗ್ರಾಂಗಿಂತ ತುಸು ಹೆಚ್ಚು. ಅಂದರೆ ನಾಲ್ಕು ಜನರ ಮನೆಯ ಒಂದು ದಿನದ ಹಸಿಕಸ ಒಂದು ಕಿಲೋವನ್ನೂ ಮುಟ್ಟುವುದಿಲ್ಲ. ಸಣ್ಣಗೆ ಕತ್ತರಿಸಿ ಒತ್ತಿದರೆ ಎರಡು ಲೀಟರಿನ ಮುಚ್ಚಳದ ಡಬ್ಬಿ ಹೆಚ್ಚುಕಡಿಮೆ ಸಾಕು. ಅಷ್ಟು ಜಾಗ ಯಾವ ಕಟ್ಟೆಯ ಮೂಲೆಯಲ್ಲೂ ಸಿಗುತ್ತದೆ. ಒಂದು ವಾರ ಆ ಡಬ್ಬಿಗೆ ಏನೇನು ಬೀಳುತ್ತದೆ ಎಂದು ಗಮನಿಸಿ. ಬಹುಪಾಲು ಸಿಪ್ಪೆಯೋ, ಬೇಯಿಸಿ ಉಳಿದ ಅಡುಗೆಯೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಬೇಯಿಸಿದ್ದೇ ಹೆಚ್ಚೆಂದಾದರೆ ಕೆಲಸ ಶುರುವಾಗಬೇಕಾದದ್ದು ಪಾತ್ರೆಯ ಅಳತೆಯಿಂದ; ಅದು ಬೇರೆಯೇ ಲೇಖನದ ವಿಷಯ.

ಎರಡನೆಯ ಹಂತ: ನೀರು ಬಸಿಯಿರಿ

ಹಸಿಕಸದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಒದ್ದೆಯಾದ ರಾಶಿಯೊಳಗೆ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳೇ ಆ ಕೊಳೆತ ವಾಸನೆಯ ಮೂಲ. ಸಿಂಕಿನ ಮೂಲೆಯಲ್ಲಿ ಒಂದು ಸಣ್ಣ ಜರಡಿ ಇಟ್ಟು, ತಟ್ಟೆಯ ಉಳಿಕೆಯನ್ನೂ ಚಹಾ ಚರಟವನ್ನೂ ಅದರಲ್ಲಿ ಬಸಿದು ಆಮೇಲೆ ಡಬ್ಬಿಗೆ ಹಾಕಿ. ತರಕಾರಿಯನ್ನು ತೊಳೆಯುವ ಮೊದಲೇ ಸುಲಿಯಲು ಬರುವಂತಿದ್ದರೆ ಹಾಗೇ ಮಾಡಿ. ಸಿಪ್ಪೆ ಒಣಗಿದ್ದಾಗಲೇ ಡಬ್ಬಿ ಸೇರುತ್ತದೆ. ಡಬ್ಬಿಯ ತಳಕ್ಕೆ ಹಳೆಯ ಪತ್ರಿಕೆಯ ಎರಡು ಮಡಿಕೆ ಹಾಸಿದರೆ ಉಳಿದ ತೇವವನ್ನು ಅದು ಹೀರುತ್ತದೆ, ಡಬ್ಬಿ ತೊಳೆಯುವ ಕಷ್ಟವೂ ತಪ್ಪುತ್ತದೆ. ಇಷ್ಟು ಮಾಡಿದರೇ ಅರ್ಧ ಸಮಸ್ಯೆ ಮುಗಿಯಿತು ಎನ್ನಬಹುದು. ದುಬಾರಿ ಸುಗಂಧದ ಚೀಲ ಕೊಳ್ಳುವವರು ಮೊದಲು ಜರಡಿಯೊಂದನ್ನು ಕೊಂಡು ನೋಡಲಿ.

ಎಣ್ಣೆಯ ಮಾತು ಬೇರೆ. ಕರಿದ ಎಣ್ಣೆಯನ್ನಾಗಲಿ ಜಿಡ್ಡನ್ನಾಗಲಿ ಸಿಂಕಿಗೆ ಸುರಿಯಬಾರದು. ಬಿಸಿನೀರು ಬಿಟ್ಟರೆ ಹೋಗುತ್ತದೆ ಎಂಬ ನಂಬಿಕೆ ಇದೆ. ಹೋಗುವುದು ನಿಜ, ಆದರೆ ಕೊಳವೆಯಲ್ಲಿ ಮುಂದೆ ಹೋಗಿ ತಣಿದು ಅಲ್ಲೇ ಗಟ್ಟಿಯಾಗುತ್ತದೆ. ಆರಿದ ಮೇಲೆ ಕಾಗದದಲ್ಲಿ ಒರೆಸಿ, ಆ ಕಾಗದವನ್ನು ಕಸಕ್ಕೆ ಹಾಕಿ.

ಮೂರನೆಯ ಹಂತ: ಸಮಯವನ್ನು ನಿಲ್ಲಿಸಿ

ಕಸ ಒಯ್ಯುವವರು ದಿನವೂ ಬರುವ ಕಡೆ ಇದರ ಅಗತ್ಯವಿಲ್ಲ. ರಾತ್ರಿ ಡಬ್ಬಿ ಖಾಲಿ ಮಾಡಿ, ತೊಳೆದು, ಬೋರಲು ಹಾಕಿದರೆ ಆಯಿತು. ವಾರಕ್ಕೊಮ್ಮೆಯೋ ಎರಡು ಬಾರಿಯೋ ಬರುವ ಕಡೆಗೆ ಫ್ರೀಜರ್‌ಗಿಂತ ಒಳ್ಳೆಯ ಉಪಾಯ ಇಲ್ಲ. ಮೈನಸ್ 18 ಡಿಗ್ರಿಯಲ್ಲಿ ಸೂಕ್ಷ್ಮಾಣುಗಳು ಬೆಳೆಯುವುದಿಲ್ಲ. ವಾಸನೆಯೂ ಇಲ್ಲ, ನೊಣವೂ ಇಲ್ಲ. ಚಪ್ಪಟೆ ಡಬ್ಬಿಯಲ್ಲೋ ಕಾಗದದ ಚೀಲದಲ್ಲೋ ತುಂಬಿ ಒಂದು ಬದಿಗೆ ಒತ್ತರಿಸಿ. ಊಟದ ಪಕ್ಕದಲ್ಲಿ ಕಸವೇ ಎಂದು ಹೇಸುವವರಿದ್ದಾರೆ. ಐದು ನಿಮಿಷದ ಹಿಂದೆ ಆ ಸಿಪ್ಪೆ ಹಣ್ಣಿನ ಮೈಮೇಲೆಯೇ ಇತ್ತಲ್ಲವೇ? ಆದರೂ ಮನಸ್ಸು ಒಪ್ಪದಿದ್ದರೆ ಬಿಗಿ ಮುಚ್ಚಳದ ಡಬ್ಬಿಯೊಂದನ್ನು ಇದಕ್ಕೆಂದೇ ಗುರುತು ಹಾಕಿ ಇಡಿ. ಮೀನು, ಮಾಂಸದ ಉಳಿಕೆಗಳನ್ನಂತೂ ಫ್ರೀಜರ್‌ನಲ್ಲಿಡುವುದೇ ಕ್ಷೇಮ.

ಒಂದು ಎಚ್ಚರಿಕೆ: ಹೆಪ್ಪುಗಟ್ಟಿದ ನೀರು ಸಿಪ್ಪೆಯ ಜೀವಕೋಶಗಳನ್ನು ಒಡೆದಿರುತ್ತದೆ. ಹೊರಗೆ ತೆಗೆದೊಡನೆ ಅದು ಮೆತ್ತಗಾಗಿ ನೀರು ಬಿಡುತ್ತದೆ, ಮೊದಲಿಗಿಂತ ಬೇಗ ಕೊಳೆಯುತ್ತದೆ. ಆದ್ದರಿಂದ ಗಟ್ಟಿಯಾಗಿರುವಾಗಲೇ ಹೊರಗೆ ಸಾಗಿಸಬೇಕು. ಗೊಬ್ಬರ ಮಾಡುವವರಿಗೆ ಇದೇ ಗುಣ ಲಾಭ.

ನಾಲ್ಕನೆಯ ಹಂತ: ಗೊಬ್ಬರ ಮಾಡಬೇಕೇ?

ಕಡ್ಡಾಯವೇನಲ್ಲ. ಹಸಿಕಸವನ್ನು ಬೇರೆಯಾಗಿ ಒಯ್ಯುವ ವ್ಯವಸ್ಥೆ ಇದ್ದರೆ ಅದಕ್ಕೆ ಶುದ್ಧವಾಗಿ ಕೊಡುವುದೇ ದೊಡ್ಡ ಕೆಲಸ. ಅದಿಲ್ಲದೆ ಎಲ್ಲವೂ ಕಸದ ಗುಡ್ಡ ಸೇರುವುದಾದರೆ, ಅಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟಿನಷ್ಟು ಬಿಸಿಯೇರಿಸುವ ಅನಿಲ. ಹಾಗಿರುವಾಗ ಮನೆಯಲ್ಲೇ ಸ್ವಲ್ಪವಾದರೂ ಕರಗಿಸುವುದಕ್ಕೆ ಅರ್ಥವಿದೆ.

ಕಿಟಕಿಯ ಬಳಿ ಎರಡು ಹೂಕುಂಡ ಹಿಡಿಯುವಷ್ಟು ಜಾಗವಿದ್ದರೆ ಸರಳ ವಿಧಾನ ಇದು. ತಳದಲ್ಲಿ ತೂತಿರುವ ಕುಂಡಕ್ಕೆ ಹರಿದ ಕಾಗದ, ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಸಿ. ಒಂದು ಹಿಡಿ ಕತ್ತರಿಸಿದ ಸಿಪ್ಪೆಗೆ ಎರಡು ಹಿಡಿ ಒಣ ಪದಾರ್ಥ, ಮೇಲೊಂದು ಚೂರು ಮಣ್ಣು. ಹಸಿಕಸದಲ್ಲಿ ಸಾರಜನಕ ಹೆಚ್ಚು, ಒಣಗಿದ್ದರಲ್ಲಿ ಇಂಗಾಲ ಹೆಚ್ಚು. ಸಾರಜನಕ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದರೆ ಸೂಕ್ಷ್ಮಾಣುಗಳಿಗೆ ಹಿತ. ಈ ಲೆಕ್ಕವನ್ನು ಮನೆಯಲ್ಲಿ ಯಾರೂ ಅಳೆಯುವುದಿಲ್ಲ, ಅಳೆಯಬೇಕಾಗಿಯೂ ಇಲ್ಲ: ಹಿಡಿ ತುಂಬ ತೆಗೆದು ಹಿಂಡಿದಾಗ ಒಂದೆರಡು ಹನಿ ಮಾತ್ರ ಬರಬೇಕು. ಧಾರೆಯಾಗಿ ಬಂದರೆ ಕಾಗದ ಸೇರಿಸಿ. ಏನೂ ಬಾರದಿದ್ದರೆ ನೀರು ಚಿಮುಕಿಸಿ. ಒಂದು ಕುಂಡ ತುಂಬಿದಾಗ ಇನ್ನೊಂದನ್ನು ಶುರು ಮಾಡಿ, ಮೊದಲನೆಯದನ್ನು ಆಗಾಗ ಕೆದಕುತ್ತ ಎರಡು ಮೂರು ತಿಂಗಳು ಬಿಡಿ. ಬೇಯಿಸಿದ ಅಡುಗೆ, ಎಣ್ಣೆ, ಮಾಂಸ ಇದಕ್ಕೆ ಬೇಡ.

ಬೇಯಿಸಿದ್ದನ್ನೂ ಹಾಕಬೇಕೆಂದರೆ ಬೊಕಾಶಿ ಇದೆ. ಇದು ಜಪಾನಿನ ವಿಧಾನ. ಇದಕ್ಕೆ ಬಳಸುವ ಸೂಕ್ಷ್ಮಾಣು ಮಿಶ್ರಣವನ್ನು ರೂಪಿಸಿ ಹರಡಿದವರು ಒಕಿನಾವಾದ ರ್ಯೂಕ್ಯೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತೆರುವೊ ಹಿಗಾ. ತಳದಲ್ಲಿ ನಲ್ಲಿಯಿರುವ, ಗಾಳಿಯಾಡದ ಬಕೆಟ್ ಬೇಕು. ಸಿಂಕಿನ ಕೆಳಗೆ ಹಿಡಿಯುತ್ತದೆ. ಪ್ರತಿ ಪದರ ಕಸದ ಮೇಲೆ ಸೂಕ್ಷ್ಮಾಣು ಬೆರೆಸಿದ ತೌಡನ್ನು ಉದುರಿಸಿ, ತಟ್ಟೆಯಿಂದ ಒತ್ತಿ ಗಾಳಿ ತೆಗೆದು, ಮುಚ್ಚಳ ಬಿಗಿಯಿರಿ. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕಸವನ್ನು ಉಪ್ಪಿನಕಾಯಿಯಂತೆ ಹುಳಿಯಾಗಿಸುತ್ತವೆ. ಎರಡು ಮೂರು ದಿನಕ್ಕೊಮ್ಮೆ ನಲ್ಲಿಯಿಂದ ರಸ ಬಸಿಯಿರಿ. ಗಿಡಕ್ಕೆ ಹಾಕುವುದಾದರೆ ನೂರು ಪಾಲು ನೀರು ಬೆರೆಸಿ. ಬಕೆಟ್ ತುಂಬಿದ ಮೇಲೆ ಎರಡು ವಾರ ಮುಚ್ಚಿಡಿ. ಬಿಳಿ ಬೂಸು ಕಂಡರೆ ಹೆದರಬೇಡಿ, ಹಸಿರು ಅಥವಾ ಕಪ್ಪು ಬೂಸು ಬಂದರೆ ಗಾಳಿ ನುಗ್ಗಿದೆ ಎಂದರ್ಥ. ಮಾರುವವರು ದೊಡ್ಡದಾಗಿ ಹೇಳದ ಸಂಗತಿಯೊಂದಿದೆ: ಬಕೆಟ್‌ನಿಂದ ಹೊರಬರುವುದು ಇನ್ನೂ ಗೊಬ್ಬರವಾಗಿರುವುದಿಲ್ಲ. ಅದನ್ನು ಮಣ್ಣಿನಲ್ಲಿ ಹುಗಿಯಬೇಕು, ಹುಳಿ ಇಳಿಯುವವರೆಗೆ ಕೆಲವು ವಾರ ಬೇರುಗಳಿಂದ ದೂರವಿಡಬೇಕು. ಮಣ್ಣಿನ ಒಂದು ತೊಟ್ಟಿಯಾದರೂ ಇಲ್ಲದವರು, ಅಥವಾ ತೋಟವಿರುವ ನೆಂಟರಿಲ್ಲದವರು, ಇದಕ್ಕೆ ಕೈಹಾಕದಿರುವುದೇ ವಾಸಿ.

ಎರೆಹುಳುವಿನ ಪೆಟ್ಟಿಗೆಯೂ ಸಣ್ಣ ಜಾಗದಲ್ಲಿ ನಡೆಯುತ್ತದೆ. ಆದರೆ ಹುಳುಗಳಿಗೆ 15ರಿಂದ 25 ಡಿಗ್ರಿ ಹವೆ ಹಿತ, ಸುಡುಬಿಸಿಲಿನ ಕಿಟಕಿಯಲ್ಲಿ ಸಾಯುತ್ತವೆ. ನಿಂಬೆ ಜಾತಿಯ ಸಿಪ್ಪೆ, ಈರುಳ್ಳಿ, ಉಪ್ಪು ಅವಕ್ಕೆ ಆಗದು. ಪ್ರಾಣಿ ಸಾಕುವ ತಾಳ್ಮೆ ಇದ್ದವರಿಗೆ ಮಾತ್ರ.

ಇನ್ನು ಕಟ್ಟೆಯ ಮೇಲೆ ಕೂರುವ ವಿದ್ಯುತ್ ಯಂತ್ರಗಳು. ಇವುಗಳಲ್ಲಿ ಹಲವು ಕಸವನ್ನು ಒಣಗಿಸಿ ಪುಡಿ ಮಾಡುತ್ತವೆ, ಅಷ್ಟೇ. ಗಾತ್ರ ಬಹಳ ತಗ್ಗುತ್ತದೆ, ಅದು ಒಪ್ಪತಕ್ಕದ್ದು. ಆ ಪುಡಿಯನ್ನು ಗೊಬ್ಬರವೆಂದು ಕುಂಡದ ಮೇಲೆ ಸುರಿದರೆ ನೀರು ತಾಗಿದೊಡನೆ ಬೂಸು ಹಿಡಿಯುತ್ತದೆ, ಏಕೆಂದರೆ ಕೊಳೆಯುವ ಕೆಲಸ ಇನ್ನೂ ಶುರುವೇ ಆಗಿಲ್ಲ. ‘ಕರಗುವ ಚೀಲ’ಗಳ ವಿಷಯದಲ್ಲೂ ಹೀಗೆಯೇ: ಅನೇಕವು ದೊಡ್ಡ ಘಟಕಗಳ ಸುಮಾರು 60 ಡಿಗ್ರಿ ಶಾಖದಲ್ಲಿ ಕರಗಲೆಂದೇ ತಯಾರಾದವು, ಮನೆಯ ಕುಂಡದಲ್ಲಿ ಹಾಗೆಯೇ ಉಳಿಯುತ್ತವೆ.

ನೊಣ ಬಂದರೆ

ಹಣ್ಣಿನ ಮೇಲೆ ಹಾರುವ ಸಣ್ಣ ನೊಣ ಬೆಚ್ಚನೆಯ ವಾತಾವರಣದಲ್ಲಿ ಹತ್ತು ದಿನದೊಳಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯುತ್ತದೆ. ಒಂದು ಬಟ್ಟಲಿಗೆ ವಿನೆಗರ್ ಹಾಕಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬಿಡಿ. ನೀರಿನ ಮೇಲ್ಮೈ ಬಿಗಿತ ಕಳೆದುಹೋಗಿ ನೊಣಗಳು ಮುಳುಗುತ್ತವೆ. ಇದು ಹಾರುವ ನೊಣಗಳನ್ನಷ್ಟೇ ಹಿಡಿಯುತ್ತದೆ. ಮೊಟ್ಟೆ ಇರುವುದು ಡಬ್ಬಿಯ ಅಂಚಿನಲ್ಲಿ, ಜರಡಿಯ ಸಂದಿಯಲ್ಲಿ, ಸಿಂಕಿನ ಬಾಯಿಯಲ್ಲಿ. ಅವನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು. ಗೊಬ್ಬರದ ಕುಂಡದಲ್ಲಿ ನೊಣ ಎದ್ದರೆ ಕೆಲವು ದಿನ ಹೊಸ ಕಸ ನಿಲ್ಲಿಸಿ, ಎರಡು ಬೆರಳು ದಪ್ಪ ಒಣಮಣ್ಣು ಮುಚ್ಚಿ. ಬಾಳೆಹಣ್ಣಿನ ಸಿಪ್ಪೆಯೊಂದಿಗೆ ಮೊಟ್ಟೆಗಳೂ ಮನೆಯೊಳಗೆ ಬರುವುದುಂಟು, ಆದ್ದರಿಂದ ಅದನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು ಕುಂಡಕ್ಕೆ ಹಾಕುವುದು ಉತ್ತಮ.

ಊರಿಗೆ ಹೊರಟಾಗ ಮಾಡಬೇಕಾದದ್ದು ಇಷ್ಟು: ಡಬ್ಬಿ ಖಾಲಿ, ಜರಡಿ ಒಣಗಿರಲಿ, ಹೊರಗೆ ಹಾಕಲಾಗದ ಕಸ ಫ್ರೀಜರ್‌ಗೆ. ಕುಂಡಕ್ಕೆ ಒಂದು ಪದರ ಒಣ ಎಲೆ ಮುಚ್ಚಿದರೆ ಎರಡು ವಾರ ಯಾರೂ ನೋಡಬೇಕಾಗಿಲ್ಲ.