ಮನೆಗೆ ಕಾಫಿ ಗ್ರೈಂಡರ್ ಕೊಳ್ಳುವ ಮೊದಲು ಫಿಲ್ಟರ್ ಕಡೆ ನೋಡಿ

ಬೆಳಿಗ್ಗೆ ಹೊತ್ತು ಗಾಂಧಿಬಜಾರಿನ ಕಾಫಿಪುಡಿ ಅಂಗಡಿಯಲ್ಲಿ ಮಿಷನ್ ಓಡುತ್ತಿದ್ದರೆ ಘಮ ರಸ್ತೆಯ ಆಚೆ ಬದಿಗೂ ಬರುತ್ತದೆ. ಅರ್ಧ ಕಿಲೋ ಪುಡಿ ಮಾಡಿಸಿ, ಪೊಟ್ಟಣ ಇನ್ನೂ ಬೆಚ್ಚಗಿರುವಾಗಲೇ ಮನೆಗೆ ತಂದು ಡಬ್ಬಿಗೆ ಸುರಿದರೆ ಮೊದಲ ನಾಲ್ಕೈದು ದಿನ ಕಾಫಿ ಅಮೃತ. ಎರಡನೇ ವಾರಕ್ಕೆ ಅದೇ ಡಬ್ಬಿ, ಅದೇ ಅಳತೆ, ಡಿಕಾಕ್ಷನ್ ಮಾತ್ರ ಸಪ್ಪೆ. ಹಾಲು ಸರಿಯಿಲ್ಲ, ನೀರು ಸರಿಯಿಲ್ಲ ಎಂದು ಗೊಣಗುತ್ತೇವೆ. ಬೀಜ ಪುಡಿಯಾದ ಗಳಿಗೆಯಿಂದಲೇ ಘಮ ಹಾರತೊಡಗುತ್ತದೆ. ಹುರಿದ ಬೀಜವಾದರೆ ಗಾಳಿಯಾಡದ ಡಬ್ಬಿಯಲ್ಲಿ ಮೂರು ನಾಲ್ಕು ವಾರ ಅದನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ.

ದೇಶದ ಕಾಫಿಯಲ್ಲಿ ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳ ಹುರಿದ ಬೀಜ ಈಗ ಕೊರಿಯರ್‌ನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಬೀಜ ತರಿಸಿಕೊಂಡ ಮೇಲೆ ಪುಡಿ ಮಾಡುವುದು ಯಾವುದರಲ್ಲಿ ಎಂಬ ಪ್ರಶ್ನೆ ಹುಟ್ಟಿಯೇ ಹುಟ್ಟುತ್ತದೆ.

ಮೊದಲು: ಎಂಥ ಪುಡಿ ಬೇಕು?

ಅಂಗಡಿಗೆ ಹೋಗುವ ಮುನ್ನ ಅಡುಗೆಮನೆಗೆ ಹೋಗಿ. ನಿಮ್ಮ ಕಾಫಿ ಇಳಿಯುವುದು ಯಾವುದರಲ್ಲಿ? ಪುಡಿಯ ಹದವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುವವರಿದ್ದಾರೆ. ನಮಗೆ ಅದಕ್ಕಿಂತ ಒಳ್ಳೆಯ ಅಳತೆ ರವೆ ಡಬ್ಬಿಗಳಲ್ಲೇ ಇದೆ. ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿಯಿಂದ ಕೆಳಗೊತ್ತುವ ಫ್ರೆಂಚ್ ಪ್ರೆಸ್ ಬಳಸುವವರಿಗೆ ಇಡ್ಲಿ ರವೆಯಷ್ಟು ತರಿ ಬೇಕು. ಕಾಗದದ ಫಿಲ್ಟರ್ ಇಟ್ಟು ಮೇಲಿಂದ ನೀರು ಸುರಿಯುವ ಪೋರ್ ಓವರ್‌ಗೆ ಉಪ್ಪಿಟ್ಟಿನ ರವೆ. ನಮ್ಮ ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರ್‌ಗೆ ಚಿರೋಟಿ ರವೆ. ಒತ್ತಡದಿಂದ ಬಿಸಿನೀರು ಹಾಯಿಸುವ ಎಸ್ಪ್ರೆಸೊ ಮಿಷನ್‌ಗೆ ಚಿರೋಟಿ ರವೆಗಿಂತ ನುಣುಪು, ಮೈದಾಕ್ಕಿಂತ ತುಸು ತರಿ. ಟರ್ಕಿಷ್ ಕಾಫಿಯೊಂದಕ್ಕೆ ಮಾತ್ರ ಮೈದಾದಂಥ ಪುಡಿ.

ಎಸ್ಪ್ರೆಸೊ ಮಾಡುವವರ ದಾರಿಯೇ ಬೇರೆ. ಅಲ್ಲಿ ಹದದ ಕೂದಲೆಳೆ ವ್ಯತ್ಯಾಸಕ್ಕೂ ರುಚಿ ಕೆಡುತ್ತದೆ, ಅದಕ್ಕೆಂದೇ ಮಾಡಿದ ದುಬಾರಿ ಗ್ರೈಂಡರ್ ಬೇಕು. ಈ ಲೇಖನ ಮುಖ್ಯವಾಗಿ ಫಿಲ್ಟರ್ ಕಾಫಿಯವರಿಗೆ.

ಕೊಚ್ಚುವುದು ಬೇರೆ, ಬೀಸುವುದು ಬೇರೆ

ಮಾರುಕಟ್ಟೆಯಲ್ಲಿ ಇರುವುದು ಎರಡೇ ಜಾತಿ: ಬ್ಲೇಡ್ ಗ್ರೈಂಡರ್ ಮತ್ತು ಬರ್ ಗ್ರೈಂಡರ್. ಹೆಸರು ಹೊಸದಾದರೂ ಎರಡೂ ನಮಗೆ ಹಳೆಯ ಪರಿಚಯ. ಬ್ಲೇಡ್ ಎಂದರೆ ಮಿಕ್ಸಿ. ಬರ್ ಎಂದರೆ ರಾಗಿಕಲ್ಲು. ರಾಗಿಕಲ್ಲಿನಲ್ಲಿ ಎರಡು ಕಲ್ಲುಗಳ ನಡುವಿನ ಸಂದು ಎಷ್ಟಿದೆಯೋ ಹಿಟ್ಟು ಅಷ್ಟೇ ನುಣ್ಣಗೆ ಹೊರಬೀಳುತ್ತದೆ. ಆ ಸಂದಿಗಿಂತ ದಪ್ಪ ಕಾಳು ಆಚೆ ಬರಲಾರದು. ಬರ್ ಗ್ರೈಂಡರ್‌ನಲ್ಲಿ ಕಲ್ಲಿನ ಬದಲು ಒಂದರೊಳಗೊಂದು ಕೂರುವ ಹಲ್ಲಿನ ಚಕ್ರಗಳಿವೆ, ಅವುಗಳ ನಡುವಿನ ಸಂದನ್ನು ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಇಷ್ಟೇ ತಂತ್ರ.

ಮಿಕ್ಸಿಗೆ ಸಂದು ಎಂಬುದೇ ಇಲ್ಲ. ಬ್ಲೇಡಿಗೆ ಸಿಕ್ಕ ಬೀಜ ಹತ್ತು ಸಲ ಏಟು ತಿಂದು ಮೈದಾ ಆಗುತ್ತದೆ, ತಪ್ಪಿಸಿಕೊಂಡದ್ದು ನುಚ್ಚಾಗಿ ಉಳಿಯುತ್ತದೆ. ಮಿಕ್ಸಿಯಲ್ಲಿ ಮಾಡಿದ ಪುಡಿಯನ್ನು ಒಮ್ಮೆ ಬಿಳಿ ಹಾಳೆಯ ಮೇಲೆ ಹರಡಿ ನೋಡಿ, ಕಣ್ಣಿಗೇ ಕಾಣುತ್ತದೆ. ಮೈದಾದಂಥ ಪುಡಿ ಫಿಲ್ಟರಿನ ತೂತಿಗೆ ಕೂತು ಕಹಿ ಬಿಡುತ್ತದೆ, ನುಚ್ಚು ತನ್ನ ಸಾರವನ್ನು ಪೂರ್ತಿ ಬಿಡದೆ ಚರಟಕ್ಕೆ ಹೋಗುತ್ತದೆ. ಒಂದೇ ಲೋಟದಲ್ಲಿ ಕಹಿಯೂ ಉಂಟು, ನೀರುತನವೂ ಉಂಟು. ಜಾರಿನಲ್ಲಿ ನಿನ್ನೆ ಸಾರಿನಪುಡಿ ಮಾಡಿದ್ದರೆ ಕೊತ್ತಂಬರಿಯ ವಾಸನೆಯೂ ಜೊತೆಗೆ.

ಈಗಲೇ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಮಿಕ್ಸಿಯಿಂದಲೂ ತಕ್ಕಮಟ್ಟಿಗೆ ಕೆಲಸ ತೆಗೆಯಬಹುದು. ಕಾಫಿಗೆಂದೇ ಒಂದು ಚಟ್ನಿ ಜಾರ್ ಎತ್ತಿಡಿ. ಅರ್ಧ ಜಾರಿಗಿಂತ ಹೆಚ್ಚು ತುಂಬಬೇಡಿ. ಎರಡು ಮೂರು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಪುಡಿ ಬಿಸಿಯಾಗಿ ಘಮ ಜಾರಿನಲ್ಲೇ ಕಳೆದುಹೋಗುತ್ತದೆ. ಕೊನೆಗೆ ಸಣ್ಣ ಜರಡಿಯಲ್ಲಿ ಹಿಡಿದು, ಮೇಲುಳಿದ ನುಚ್ಚನ್ನು ಇನ್ನೊಂದು ಸುತ್ತು ಹಾಕಿ. ಬ್ಲೇಡ್ ಇರುವ ಪುಟ್ಟ ‘ಕಾಫಿ ಗ್ರೈಂಡರ್’ ಕೊಳ್ಳಲು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಮಿಕ್ಸಿ ಮನೆಯಲ್ಲಿದ್ದ ಮೇಲೆ ಅದೇ ಕೆಲಸಕ್ಕೆ ಇನ್ನೊಂದು ಯಾಕೆ?

ಕೈಯೋ, ಕರೆಂಟೋ?

ಇಲ್ಲಿ ತೀರ್ಮಾನ ಮಾಡುವುದು ಮನೆಮಂದಿಯ ಲೆಕ್ಕ. ಇಬ್ಬರಿಗೆ ಗಟ್ಟಿ ಡಿಕಾಕ್ಷನ್ ಇಳಿಸಲು 20ರಿಂದ 25 ಗ್ರಾಂ ಬೀಜ ಸಾಕು. ಕೈಯಲ್ಲಿ ತಿರುಗಿಸುವ ಸಾಮಾನ್ಯ ಗ್ರೈಂಡರ್ ಹಿಡಿಯುವುದೂ ಸುಮಾರು ಅಷ್ಟೇ. ಸ್ಟೀಲ್ ಹಲ್ಲಿನದ್ದಾದರೆ ಒಂದೆರಡು ನಿಮಿಷದ ಕೆಲಸ, ನೀರು ಕಾಯುವಷ್ಟರಲ್ಲಿ ಮುಗಿಯುತ್ತದೆ. ಇಬ್ಬರು, ಮೂವರು ಇರುವ ಮನೆಗೆ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಬೆಲೆಯ ವಿದ್ಯುತ್ ಗ್ರೈಂಡರ್‌ನಲ್ಲಿ ದುಡ್ಡಿನ ದೊಡ್ಡ ಪಾಲು ಮೋಟರಿಗೆ ಹೋಗುತ್ತದೆ. ಕೈಯದರಲ್ಲಿ ಹಲ್ಲಿಗೆ ಹೋಗುತ್ತದೆ. ರುಚಿ ಇರುವುದು ಹಲ್ಲಿನಲ್ಲಿ.

ಆರೇಳು ಜನರ ಮನೆ, ಬಂದುಹೋಗುವವರು ಹೆಚ್ಚು, ಅಥವಾ ಪುಡಿ ಮಾಡುವವರಿಗೆ ಮಣಿಕಟ್ಟಿನ ನೋವು ಎಂದರೆ ವಿದ್ಯುತ್ ಬರ್ ಗ್ರೈಂಡರ್ ತೆಗೆದುಕೊಳ್ಳಿ. ಕೈ ಗ್ರೈಂಡರ್‌ನಲ್ಲಿ ಮೂರು ಸಲ ತುಂಬಿ ತಿರುಗಿಸುವುದು ಎಂಟು ದಿನಕ್ಕೆ ಬೇಸರ ಬರುತ್ತದೆ, ಆಮೇಲೆ ಅದು ಅಟ್ಟ ಸೇರುತ್ತದೆ. ಹಗುರವಾಗಿ ಹುರಿದ ಬೀಜ ಇಷ್ಟಪಡುವವರೂ ಇದನ್ನು ಯೋಚಿಸಬೇಕು. ಅಂಥ ಬೀಜ ಗಟ್ಟಿ, ಕೈಗೆ ಶ್ರಮ. ಕಪ್ಪಗೆ ಹುರಿದದ್ದು ಬೇಗ ಪುಡಿಯಾಗುತ್ತದೆ.

ನನ್ನ ಅಜ್ಜಿಯ ಮನೆಯಲ್ಲಿ ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದ ಎರಕದ ಕಬ್ಬಿಣದ ಮಿಷನ್ ಇತ್ತು. ಮೇಲೆ ಬಟ್ಟಲು, ಪಕ್ಕದಲ್ಲಿ ಮರದ ಹಿಡಿಯ ಕೈ. ಬೀಜ ಸಿಡಿಯುವ ಕಟಕಟ ಸದ್ದು ಕೇಳಿದರೆ ಹಿತ್ತಲಲ್ಲಿದ್ದವರೂ ಒಳಗೆ ಬರುತ್ತಿದ್ದರು. ಅದೂ ಬರ್ ಗ್ರೈಂಡರೇ. ನಿಮ್ಮ ಅಟ್ಟದ ಮೇಲೆ ಅಂಥದ್ದಿದ್ದರೆ ಮಾರಬೇಡಿ. ಹಲ್ಲು ಮೊಂಡಾಗಿಲ್ಲವೆಂದರೆ ತುಕ್ಕು ತೆಗೆಸಿ, ಹದದ ತಿರುಪು ಸಡಿಲ ಮಾಡಿಸಿ ಬಳಸಿ ನೋಡಿ.

ಕೈಯಲ್ಲಿ ಹಿಡಿದು ನೋಡಬೇಕಾದದ್ದು

ಹಲ್ಲು ಸೆರಾಮಿಕ್ಕೋ ಸ್ಟೀಲೋ ಕೇಳಿ. ಅಗ್ಗದವು ಸಾಮಾನ್ಯವಾಗಿ ಸೆರಾಮಿಕ್. ತುಕ್ಕು ಹಿಡಿಯುವುದಿಲ್ಲ, ಆದರೆ ನಿಧಾನ, ಕಲ್ಲು ಸಿಕ್ಕರೆ ಚೂರು ಏಳುತ್ತದೆ. ಆಮೇಲೆ ಒಳಗಿನ ಹಲ್ಲನ್ನು ಬೆರಳಿನಿಂದ ಅತ್ತಿತ್ತ ಅಲ್ಲಾಡಿಸಿ. ಅದು ಓಲಾಡಿದರೆ ಸಂದು ಒಂದೇ ಸಮ ಇರದು, ಪುಡಿಯೂ ಒಂದೇ ಸಮ ಬರದು. ಬೆಲೆ ಎಷ್ಟೇ ಇರಲಿ, ಅದನ್ನು ಅಲ್ಲೇ ಇಟ್ಟು ಬನ್ನಿ. ಅಕ್ಷದ ಮೇಲೂ ಕೆಳಗೂ ಬೇರಿಂಗ್ ಇದೆಯೇ, ಹದ ಬದಲಿಸುವಾಗ ‘ಟಿಕ್ ಟಿಕ್’ ಎಂದು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆಯೇ ನೋಡಿ. ಬಿಚ್ಚಿ ಜೋಡಿಸುವುದು ಸುಲಭವೇ ಎಂದು ಅಂಗಡಿಯಲ್ಲೇ ಬಿಚ್ಚಿಸಿ. ವಿದ್ಯುತ್ತಿನದ್ದಾದರೆ ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ, ಹಲ್ಲು ಎಂಥದ್ದು ಎಂದೇ ಕೇಳಿ.

ವಿದೇಶದಿಂದ ತರಿಸುವವರಿಗೆ ಒಂದು ಮಾತು. ನನ್ನ ಅಣ್ಣನ ಮಗ ನ್ಯೂಜೆರ್ಸಿಯಿಂದ ಬರುವಾಗ ನನಗೆಂದು ಒಳ್ಳೆಯ ವಿದ್ಯುತ್ ಗ್ರೈಂಡರ್ ತಂದಿದ್ದ. ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಸ್ವಿಚ್ ಒತ್ತಿದೆ. ಗರ್‍ರೆಂದು ಒಮ್ಮೆ ಅಬ್ಬರಿಸಿ ಸುಟ್ಟ ವಾಸನೆ ಬಂತು, ಅಲ್ಲಿಗೆ ಮುಗಿಯಿತು. ಅಮೆರಿಕದ್ದು 120 ವೋಲ್ಟ್, ನಮ್ಮದು 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ. ತಳದ ಚೀಟಿಯಲ್ಲಿ 220–240 ವೋಲ್ಟ್ ಎಂದಿದ್ದರೆ ಮಾತ್ರ ತರಿಸಿ. ಕೈ ಗ್ರೈಂಡರ್ ಆದರೆ ಯಾವ ದೇಶದ್ದಾದರೂ ನಡೆಯುತ್ತದೆ.

ಚಿಕೋರಿ ಬೇಕೆನ್ನುವವರು

ಚಿಕೋರಿ ಎಂದರೆ ಹುರಿದ ಬೇರು. ತೇವ ಎಳೆದುಕೊಂಡು ಅಂಟಾಗುತ್ತದೆ, ಹಲ್ಲಿಗೆ ಮೆತ್ತಿಕೊಂಡರೆ ಬಿಡಿಸುವುದು ಕಷ್ಟ. ಆದ್ದರಿಂದ ಗ್ರೈಂಡರ್‌ಗೆ ಕಾಫಿ ಬೀಜ ಮಾತ್ರ ಹಾಕಿ. ಚಿಕೋರಿ ಪುಡಿಯನ್ನು ಬೇರೆಯಾಗಿ ತಂದು ಚಮಚದ ಲೆಕ್ಕದಲ್ಲಿ ಬೆರೆಸಿ. ಅಂಗಡಿಯ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು ಎಂಬುದು ಕಾನೂನಿನ ಮಿತಿ. ಮನೆಯಲ್ಲಿ ಬೆರೆಸುವಾಗ ಶೇ 10ರಿಂದ ಶುರುಮಾಡಿ ನಾಲಿಗೆ ಒಪ್ಪುವಲ್ಲಿ ನಿಲ್ಲಿಸಬಹುದು. ದಿನಕ್ಕೆ ಹತ್ತಾರು ಲೋಟ ಕಾಫಿ ಆಗುವ, ಶೇ 40ರ ಚಿಕೋರಿಯೇ ರೂಢಿಯಾದ ಮನೆಯವರು ಗ್ರೈಂಡರ್‌ಗೆ ಖರ್ಚು ಮಾಡದೆ ವಾರಕ್ಕೆ ಬೇಕಾದಷ್ಟನ್ನೇ ಅಂಗಡಿಯಲ್ಲಿ ಪುಡಿ ಮಾಡಿಸುವುದೇ ಲೇಸು.

ಹದಕ್ಕೆ ತರುವ ಮೊದಲ ವಾರ

ಹೊಸ ಗ್ರೈಂಡರ್‌ನ ತಿರುಪನ್ನು ಹಲ್ಲುಗಳು ಒಂದಕ್ಕೊಂದು ತಾಗಿ ಕೈ ತಿರುಗದಂತಾಗುವವರೆಗೆ ಮೆಲ್ಲಗೆ ಬಿಗಿ ಮಾಡಿ. ಅದೇ ಸೊನ್ನೆ. ಅಲ್ಲಿಂದ ಹಿಂದಕ್ಕೆ ಮೆಟ್ಟಿಲು ಎಣಿಸಿ ಸಡಿಲಿಸಿ, ಸ್ವಲ್ಪ ಪುಡಿ ಮಾಡಿ, ಚಿರೋಟಿ ರವೆಯ ಜೊತೆ ಬೆರಳಲ್ಲಿ ಉಜ್ಜಿ ಹೋಲಿಸಿ. ನಂತರದ ಪರೀಕ್ಷೆ ಫಿಲ್ಟರಿನಲ್ಲಿ. ಪುಡಿಯನ್ನು ಹಗುರವಾಗಿ ಒತ್ತಿ, ಕುದಿ ಬಂದ ನೀರು 150 ಮಿಲಿ ಹಾಕಿ ಗಡಿಯಾರ ನೋಡಿ. ಮೂರು ನಾಲ್ಕು ನಿಮಿಷದಲ್ಲೇ ಮೇಲಿನ ಪಾತ್ರೆ ಬರಿದಾದರೆ ಪುಡಿ ತರಿಯಾಯಿತು, ಒಂದು ಮೆಟ್ಟಿಲು ಬಿಗಿ ಮಾಡಿ. ಅರ್ಧ ಗಂಟೆಯಾದರೂ ನೀರು ನಿಂತೇ ಇದ್ದರೆ ನುಣುಪು ಜಾಸ್ತಿ, ಒಂದು ಮೆಟ್ಟಿಲು ಸಡಿಲಿಸಿ. ಹತ್ತರಿಂದ ಹದಿನೈದು ನಿಮಿಷದಲ್ಲಿ ಇಳಿದರೆ ಆ ಸಂಖ್ಯೆಯನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಚಿಕೋರಿ ನೀರನ್ನು ತಡೆದು ಹಿಡಿಯುತ್ತದೆ, ಹಾಗಾಗಿ ಅದನ್ನು ಬಿಟ್ಟವರು ಒಂದು ಮೆಟ್ಟಿಲು ನುಣ್ಣಗೆ ಮಾಡಬೇಕಾದೀತು.

ಬೇಸಿಗೆಯ ಒಣ ಹವೆಯಲ್ಲಿ ಪುಡಿ ಡಬ್ಬಿಯ ಗೋಡೆಗೆ ಅಂಟಿ ಎಲ್ಲೆಡೆ ಹಾರುತ್ತದೆ. ಬೀಜಕ್ಕೆ ಒಂದೇ ಒಂದು ಹನಿ ನೀರು ಹಾಕಿ ಚಮಚದ ಹಿಡಿಯಲ್ಲಿ ಕಲಸಿ ಆಮೇಲೆ ತಿರುಗಿಸಿದರೆ ಅದು ನಿಲ್ಲುತ್ತದೆ. ವಾರಕ್ಕೊಮ್ಮೆ ಒಣ ಬ್ರಶ್‌ನಿಂದ ಹಲ್ಲು ಉಜ್ಜಿ. ಕಪ್ಪಗೆ ಹುರಿದ ಬೀಜದ ಎಣ್ಣೆ ಅಲ್ಲೇ ಉಳಿದರೆ ಕಮಟು ವಾಸನೆ ಹಿಡಿಯುತ್ತದೆ. ಸ್ಟೀಲ್ ಹಲ್ಲನ್ನು ತೊಳೆಯಬೇಡಿ. ಅಕ್ಕಿ ಹಾಕಿ ತಿರುಗಿಸಿದರೆ ಚೊಕ್ಕಟವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಹಸಿ ಅಕ್ಕಿ ಹುರಿದ ಬೀಜಕ್ಕಿಂತ ಬಹಳ ಗಟ್ಟಿ.