ಸ್ಲೈಡಿನಲ್ಲಿ ಲಿಂಫೋಸೈಟ್ ನೋಡುವುದು: ಮಡಿಕೇರಿಯ ನನ್ನ ಅನುಭವ

ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ನಾನೀಗ ಒಂದು ಸಾಲು ಜಾಸ್ತಿ ಬರೆಯುತ್ತೇನೆ: ಗೆಡ್ಡೆಯೊಳಗಿನ ಸ್ಟ್ರೋಮ ಅನ್ನುವ ಜಾಗದಲ್ಲಿ ಲಿಂಫೋಸೈಟ್ ಶೇಕಡಾ ಇಷ್ಟು ಅಂತ. ಲಿಂಫೋಸೈಟ್ ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಮಡಿಕೇರಿಯಲ್ಲಿ ಪೆಥಾಲಜಿಸ್ಟ್, ಅಂದರೆ ಗೆಡ್ಡೆಯ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಗುರುತಿಸುವ ಡಾಕ್ಟರ್ ಆಗಿರುವ ನನಗೆ ಇದಕ್ಕೆ ಹೊಸ ಮೆಷಿನ್ ಏನೂ ಬೇಕಾಗಲಿಲ್ಲ. ದಿನಾ ನೋಡುವ ಗುಲಾಬಿ-ನೀಲಿ ಸ್ಲೈಡೇ ಸಾಕು. ನೋಡುವ ಕ್ರಮವನ್ನು 2014ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಪ್ರಕಟಿಸಿತ್ತು.

ಆದರೆ ಸ್ಲೈಡ್ ಚೆನ್ನಾಗಿರಬೇಕಲ್ವಾ? ಕೊಡಗಿಗೆ ರೈಲಿಲ್ಲ, ಸ್ಯಾಂಪಲ್ ರಸ್ತೆಯಲ್ಲೇ ಬರಬೇಕು. ಮಳೆಗಾಲದಲ್ಲಿ ಮರ ಬಿದ್ದರೆ ಬಸ್ಸು ಅಲ್ಲೇ ನಿಂತಿತು. ಕೆಲವು ಕಡೆಯಿಂದ ತುಂಡನ್ನು ಸಲೈನಿನಲ್ಲಿ, ಅಂದರೆ ಉಪ್ಪುನೀರಿನಲ್ಲಿ, ಹಾಕಿ ಕಳಿಸುತ್ತಿದ್ದರು. ಬರುವಷ್ಟರಲ್ಲಿ ಕೋಶಗಳೆಲ್ಲ ಕರಗಿದ ಹಾಗೆ. ಅದಕ್ಕೇ ಕೋಶ ಕೆಡದ ಹಾಗೆ ಕಾಪಾಡುವ ಫಾರ್ಮಲಿನ್ ದ್ರಾವಣ ತುಂಬಿದ ಡಬ್ಬಿಗಳನ್ನು ನಾನೇ ಮೊದಲೇ ಕಳಿಸಿಕೊಡತೊಡಗಿದೆ. ತುಂಡಿಗಿಂತ ಹತ್ತು ಪಾಲು ಫಾರ್ಮಲಿನ್, ತೆಗೆದ ಒಂದು ಗಂಟೆಯೊಳಗೆ ಅದರಲ್ಲಿ ಮುಳುಗಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು.

ಇನ್ನು ನೋಡುವ ಕೆಲಸ. ಕ್ಯಾನ್ಸರ್ ಕೋಶಗಳ ಗುಂಪುಗಳ ನಡುವೆ ನಾರಿನ ಜಾಗ ಇರುತ್ತದೆ, ಅದೇ ಸ್ಟ್ರೋಮ. ಅದರಲ್ಲಿ ಎಷ್ಟು ಪಾಲನ್ನು ಲಿಂಫೋಸೈಟ್, ಅವುಗಳದ್ದೇ ಬಳಗದ ಪ್ಲಾಸ್ಮಾ ಕೋಶಗಳು ತುಂಬಿವೆ ಅಂತ ಅಂದಾಜು ಮಾಡಬೇಕು. ಕರಿಮೆಣಸು ಚೆಲ್ಲಿದ ಹಾಗೆ ಗಾಢ ನೀಲಿ ಬೊಟ್ಟುಗಳು. ಕಣ್ಣು ತಾನಾಗೇ ದಟ್ಟವಾಗಿರುವ ಕಡೆ ಓಡುತ್ತದೆ. ಅಲ್ಲಿ ಮಾತ್ರ ನೋಡಿದರೆ ನಂಬರ್ ಸುಮ್ನೆ ಏರುತ್ತದೆ. ಹಾಗಾಗಿ ಮೊದಲು ಕಡಿಮೆ ಪವರಿನಲ್ಲಿ ಇಡೀ ಗೆಡ್ಡೆ ಸುತ್ತಿ ಬಂದು, ಆಮೇಲೆ ಹಲವು ಕಡೆ ನೋಡಿ ಸರಾಸರಿ ತೆಗೆಯುತ್ತೇನೆ. ಸತ್ತ ಭಾಗ, ಹಳೇ ಬಯಾಪ್ಸಿಯ ಗಾಯದ ಜಾಗ, ಗೆಡ್ಡೆಯ ಅಂಚಿನಾಚೆ ಇರುವುದು ಯಾವುದೂ ಲೆಕ್ಕಕ್ಕಿಲ್ಲ. ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್‌ಗಳೂ ಅಷ್ಟೇ.

ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಗ್ರಾಹಕಗಳು, ಹರ್2 ಎಂಬ ಪ್ರೋಟೀನು, ಈ ಮೂರೂ ನೆಗೆಟಿವ್ ಇರುವ ಟ್ರಿಪಲ್ ನೆಗೆಟಿವ್ ಕ್ಯಾನ್ಸರಿನಲ್ಲಿ ಈ ಕೋಶಗಳು ಹೆಚ್ಚಿದ್ದಷ್ಟೂ ಮುಂದಿನ ದಾರಿ ಒಳ್ಳೆಯದಿರುವ ಸಂಭವ ಜಾಸ್ತಿ. ಹಾರ್ಮೋನ್ ಪಾಸಿಟಿವ್, ಹರ್2 ನೆಗೆಟಿವ್ ಗೆಡ್ಡೆಯಲ್ಲಿ ಅದೇ ಶೇಕಡಾ 50 ಇದ್ದರೂ ನಾನು ಖುಷಿಯ ಮಾತು ಬರೆಯುವುದಿಲ್ಲ. ಅಲ್ಲಿ ಆ ಸಂಬಂಧ ಹಾಗಿಲ್ಲ.

ಗೆಡ್ಡೆಯ ಜೀನ್ ಪರೀಕ್ಷೆಯ ವಿಷಯಕ್ಕೆ ಬಂದರೆ ಮನೆಯವರ ಗಾಬರಿಯೇ ದೊಡ್ಡದು. ಸಿದ್ದಾಪುರ ಕಡೆಯ ತೋಟದ ಕಾರ್ಮಿಕರ ಲೈನ್ ಮನೆಯಿಂದ ಒಬ್ಬ ತಾಯಿ, ಕಾಫಿ ಕೊಯ್ಲು ಮುಗಿಯಲಿ ಅಂತ ತಡ ಮಾಡಿ ಬಂದವರು. ಅವರ ಮಗಳು ರಿಪೋರ್ಟ್ ಹಿಡಿದು ಕೇಳಿದಳು: "ಡಾಕ್ಟ್ರೇ, ಅಮ್ಮಂಗೆ ಟಿಪಿ53 ಅಂತ ಬಂದಿದೆ. ನಂಗೂ ಬರುತ್ತಾ?"

"ಟಿಪಿ53 ಒಂದು ಜೀನು. ಅದರ ದೋಷ ಗೆಡ್ಡೆಯಲ್ಲಿ ಕಂಡಿದ್ದಮ್ಮಾ. ಟ್ರಿಪಲ್ ನೆಗೆಟಿವ್‌ನಲ್ಲಿ ತುಂಬ ಸಾಮಾನ್ಯ, ಹೆಚ್ಚಾಗಿ ಗೆಡ್ಡೆಯಲ್ಲೇ ಹುಟ್ಟಿದ್ದಾಗಿರುತ್ತೆ. ನಿನ್ನ ಪ್ರಶ್ನೆಗೆ ಅಮ್ಮನ ರಕ್ತ ಪರೀಕ್ಷೆ ಆಗ್ಬೇಕು" ಅಂದೆ. ಬಿಆರ್‌ಸಿಎ1 ಅಥವಾ 2 ಎಂಬ ಜೀನಿನ ದೋಷ ರಕ್ತದಲ್ಲಿ ಕಂಡರೆ ಅದು ಹುಟ್ಟಿನಿಂದ ಇರುವುದು, ಮಕ್ಕಳಿಗೆ ದಾಟುವ ಸಂಭವ ಶೇಕಡಾ 50. ಹಾರ್ಮೋನ್ ಪಾಸಿಟಿವ್ ಗೆಡ್ಡೆಗಳಲ್ಲಿ ಹೆಚ್ಚು ಕಾಣುವ ಪಿಐಕೆ3ಸಿಎ ಜೀನಿನ ಮ್ಯುಟೇಶನ್ (ಬದಲಾವಣೆ) ಕೂಡ ಸಾಮಾನ್ಯವಾಗಿ ಗೆಡ್ಡೆಯದ್ದೇ.

ಒಂದು ತಮಾಷೆ ಇದೆ. ರೋಗಿಗೆ ಒಳ್ಳೆಯದು ಮಾಡುವ ಲಿಂಫೋಸೈಟ್‌ಗಳು ಗೆಡ್ಡೆಯ ಜೀನ್ ಪರೀಕ್ಷೆಗೆ ತೊಂದರೆ ಕೊಡುತ್ತವೆ! ಅವುಗಳ ಡಿಎನ್‌ಎ ಸರಿಯಾಗಿದೆ. ತುಂಬ ಇದ್ದರೆ ಕ್ಯಾನ್ಸರ್ ಕೋಶಗಳ ಡಿಎನ್‌ಎ ತೆಳುವಾಗಿ, ಮ್ಯುಟೇಶನ್ ಇದ್ದರೂ ಮೆಷಿನ್ನಿಗೆ ಕಾಣದೆ ಹೋಗಬಹುದು. ಅದಕ್ಕೆ ಜೀನ್ ಪರೀಕ್ಷೆಗೆ ಬ್ಲಾಕ್, ಅಂದರೆ ಮೇಣದಲ್ಲಿ ಕೂರಿಸಿದ ಗೆಡ್ಡೆಯ ತುಂಡು, ಆರಿಸುವಾಗ ಬೇರೆ ಕಣ್ಣಿಂದ ನೋಡುತ್ತೇನೆ. ಕ್ಯಾನ್ಸರ್ ಕೋಶ ಕನಿಷ್ಠ ಶೇಕಡಾ 20 ಇರಬೇಕು ಅಂತ ಹಲವು ಲ್ಯಾಬ್‌ಗಳು ಕೇಳುತ್ತವೆ. ಅವು ಒತ್ತಾಗಿರುವ ಕಡೆ ಸ್ಲೈಡಿನ ಮೇಲೆ ಮಾರ್ಕರ್ ಪೆನ್ನಿನಿಂದ ಸುತ್ತು ಹಾಕಿ, ಬ್ಲಾಕ್ ಜೊತೆ ಆ ಸ್ಲೈಡನ್ನೂ ಬೆಂಗಳೂರಿಗೆ ಕಳಿಸುತ್ತೇನೆ. ಅಲ್ಲಿನವರು ಅಷ್ಟು ಜಾಗವನ್ನಷ್ಟೇ ಕೆರೆದು ತೆಗೆದುಕೊಳ್ಳುತ್ತಾರೆ.